ಬಿಳಿ ಚೀಟಿ ಬೇಡ, ರಸೀದಿ ಕೊಡಿಸಿ: ನಮ್ಮ ಎಪಿಎಂಸಿ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಯದರ್ಶಿಗಳಿಗೆ,
ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ

ನಮಸ್ಕಾರ ಸಾರ್.

ಈ ಪತ್ರದಲ್ಲಿ ನಮ್ಮ ಮಾರುಕಟ್ಟೆಯ ಹೆಸರು ಬರೆದಿಲ್ಲ, ಮಂಡಿಯ, ಅಂದರೆ ದಲ್ಲಾಳಿ ಅಂಗಡಿಯ, ಹೆಸರು ಬರೆದಿಲ್ಲ, ನಿಮ್ಮ ಹೆಸರನ್ನೂ ಬರೆದಿಲ್ಲ. ಯಾರ ಮಾನ ತೆಗೆಯೋದೂ ನನ್ನ ಉದ್ದೇಶವಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ ಹರಾಜು ನಡೆಯುವ ಮಾರುಕಟ್ಟೆಗಳಲ್ಲಿ ಇದೂ ಒಂದು ಅಂದರೆ ಸಾಕು. ಓದಿದವರಿಗೆ ಅವರವರ ಮಾರುಕಟ್ಟೆ ನೆನಪಾದರೆ ಇನ್ನೂ ಒಳ್ಳೆಯದೇ, ಯಾಕೆಂದರೆ ಇದು ಒಂದೇ ಕಡೆಯ ತೊಂದರೆ ಅಲ್ಲ.

ನಮಗಿರುವುದು ಎರಡೂವರೆ ಎಕರೆ. ಒಂದು ಎಕರೆಯಲ್ಲಿ ಟೊಮೆಟೊ, ಅರ್ಧ ಎಕರೆಯಲ್ಲಿ ಹಿಪ್ಪುನೇರಳೆ, ಉಳಿದದ್ದರಲ್ಲಿ ರಾಗಿ. ಅಪ್ಪನ ಕಾಲಿಗೆ ಸ್ವಾಧೀನ ತಪ್ಪಿದ ಮೇಲೆ ಮಾರುಕಟ್ಟೆಗೆ ಹೋಗುವ ಕೆಲಸ ನನಗೆ ಬಂತು. ಹದಿನಾಲ್ಕು ವರ್ಷ ಆಯಿತು. ಟೆಂಪೊದಲ್ಲಿ ಡ್ರೈವರ್ ಪಕ್ಕ ಕೂತು ಕತ್ತಲಲ್ಲೇ ಬರುತ್ತೇನೆ. ನಿಮ್ಮ ಕಚೇರಿ ಮುಂದೆಯೇ ಇಳಿಯುತ್ತೇನೆ, ಆದರೆ ಅಷ್ಟೊತ್ತಿಗೆ ಕಚೇರಿ ಬಾಗಿಲು ತೆಗೆದಿರುವುದಿಲ್ಲ.

ಕಳೆದ ತಿಂಗಳ ಒಂದು ಕೊಯ್ಲಿನ ಲೆಕ್ಕ ಹೇಳುತ್ತೇನೆ, ದಯವಿಟ್ಟು ಸಮಾಧಾನವಾಗಿ ಓದಿ. ಆ ದಿನ 112 ಬಾಕ್ಸ್ ತಂದಿದ್ದೆ. ಹರಾಜಿನಲ್ಲಿ ಬಾಕ್ಸಿಗೆ 140 ರೂಪಾಯಿ ನಿಂತಿತು. ಅಂದರೆ 15,680 ರೂಪಾಯಿ ಬರಬೇಕು. ಮಂಡಿಯವರು ಕೊಟ್ಟ ಚೀಟಿಯಲ್ಲಿ 108 ಬಾಕ್ಸ್ ಅಂತ ಇತ್ತು. ಇನ್ನು ನಾಲ್ಕು ಎಲ್ಲಿ ಅಂದರೆ, ನೂರಕ್ಕೆ ನಾಲ್ಕು ಕೊಂಡವರಿಗೆ ಬಿಡಬೇಕಂತೆ, ಹಣ್ಣು ಕೆಟ್ಟಿದ್ದರೆ ಅವರಿಗೆ ನಷ್ಟ ಆಗಬಾರದು ಅಂತ. ನಮ್ಮ ಹಣ್ಣು ಕೆಟ್ಟಿರಲಿಲ್ಲ. ಹಿಂದಿನ ದಿನ ಸಂಜೆ ಆರು ಜನ ಹೆಣ್ಣುಮಕ್ಕಳು ಕೂತು ಒಂದೊಂದೇ ಆರಿಸಿ ತುಂಬಿದ್ದು. ಊಜಿ ಹುಳ ಹೊಡೆದದ್ದು, ಬಿರಿದದ್ದು, ಚುಕ್ಕೆ ಬಿದ್ದದ್ದು ಎಲ್ಲ ತೋಟದಲ್ಲೇ ಬಿಟ್ಟು ಬಂದಿದ್ದೆವು. ಆದರೂ ನಾಲ್ಕು ಬಾಕ್ಸ್ ಹೋಯಿತು. ಉಳಿದ 15,120 ರೂಪಾಯಿಯಲ್ಲಿ ನೂರಕ್ಕೆ ಹತ್ತರಂತೆ ಕಮಿಷನ್ 1,512 ಮುರಿದುಕೊಂಡರು. ಇಳಿಸಿದ ಕೂಲಿ ಬಾಕ್ಸಿಗೆ 3 ರೂಪಾಯಿಯಂತೆ 336. ಚಿಲ್ಲರೆ ಬಿಟ್ಟು 13,270 ರೂಪಾಯಿ ಕೈಗೆ ಬಂತು. ಅದರಲ್ಲಿ ಟೆಂಪೊ ಬಾಡಿಗೆ 1,344, ಕೊಯ್ಲಿನ ಕೂಲಿ 2,100 ನಾನು ಕೊಡಬೇಕು. ಸಸಿ, ಗೊಬ್ಬರ, ಔಷಧಿ, ಕಡ್ಡಿ, ದಾರ, ಮಲ್ಚಿಂಗ್ ಪೇಪರ್, ಡ್ರಿಪ್ ಪೈಪು, ಇವೆಲ್ಲ ಆಮೇಲಿನ ಮಾತು.

ಹಮಾಲರ ಕೂಲಿ ಬಗ್ಗೆ ನನ್ನ ತಕರಾರು ಇಲ್ಲ. ಅವರು ಬೆನ್ನು ಬಗ್ಗಿಸಿ ದುಡಿಯುತ್ತಾರೆ, ಅದು ಅವರ ಹಕ್ಕು. ನನ್ನ ತಕರಾರು ಇರುವುದು ಕಮಿಷನ್ನಿನ ಬಗ್ಗೆ, ಆ ನಾಲ್ಕು ಬಾಕ್ಸಿನ ಬಗ್ಗೆ. ಎರಡೂ ಸೇರಿ 2,072 ರೂಪಾಯಿ. ಒಂದು ಟೊಮೆಟೊ ಬೆಳೆಯಲ್ಲಿ ಹತ್ತು ಹದಿನೈದು ಕೊಯ್ಲು ಇರುತ್ತದೆ ಅಂತ ನಿಮಗೆ ಗೊತ್ತು, ಗುಣಿಸಿ ನೋಡಿ. ನಮ್ಮ ಮನೆಯಲ್ಲಿ ಅಷ್ಟು ದುಡ್ಡಿಗೆ ಮಗಳ ಒಂದು ವರ್ಷದ ಕಾಲೇಜು ಖರ್ಚು ನಡೆಯುತ್ತದೆ.

ಇನ್ನು ತೂಕ. ಒಂದು ಬಾಕ್ಸ್ ಅಂದರೆ 15 ಕೆ.ಜಿ. ಅಂತ ಎಲ್ಲರೂ ಹೇಳುತ್ತಾರೆ, ಪೇಪರಿನಲ್ಲೂ ಹಾಗೇ ಬರುತ್ತದೆ. ನಾನು ಮನೆಯಲ್ಲಿ ರೇಷ್ಮೆ ಗೂಡು ತೂಗುವ ತಕ್ಕಡಿಯಲ್ಲಿ ಹತ್ತು ಬಾಕ್ಸ್ ಇಟ್ಟು ನೋಡಿದೆ. ಬಾಕ್ಸಿನ ತೂಕ ಕಳೆದು ಒಂದೂ 16 ಕೆ.ಜಿ.ಗೆ ಕಡಿಮೆ ಇರಲಿಲ್ಲ. ಗೋಪುರದ ಹಾಗೆ ತುಂಬಿಲ್ಲ ಅಂದರೆ ಹರಾಜಿನಲ್ಲಿ ಬೆಲೆ ಕೂಗುವುದಿಲ್ಲ, ಅದಕ್ಕೆ ಹಾಗೆ ತುಂಬುತ್ತೇವೆ. ಮಾರುಕಟ್ಟೆಯಲ್ಲಿ ತೂಕವೇ ಇಲ್ಲ. ಎಲೆಕ್ಟ್ರಾನಿಕ್ ತಕ್ಕಡಿ ಇದೆ, ಅದನ್ನು ನಾನು ನೋಡಿದ್ದೇನೆ, ಅದರ ಮೇಲೆ ಖಾಲಿ ಬಾಕ್ಸ್ ಜೋಡಿಸಿಟ್ಟಿದ್ದರು.

ಆದರೆ ನಾನು ಈ ಪತ್ರ ಬರೆಯೋದಕ್ಕೆ ಕೂತದ್ದು ಕಮಿಷನ್ನಿಗಾಗಲಿ ತೂಕಕ್ಕಾಗಲಿ ಅಲ್ಲ, ಆ ಚೀಟಿಗಾಗಿ.

ಅಂಗೈ ಅಗಲದ ಒಂದು ಬಿಳಿ ಕಾಗದ. ಅದರ ಮೇಲೆ ಮಂಡಿಯ ಹೆಸರಿಲ್ಲ, ಲೈಸೆನ್ಸ್ ನಂಬರ್ ಇಲ್ಲ, ಕೊಂಡವರು ಯಾರು ಅಂತ ಇಲ್ಲ, ನನ್ನ ಹೆಸರು ಇಲ್ಲ, ಸಹಿ ಇಲ್ಲ. ಪೆನ್ನಿನಲ್ಲಿ ಗೀಚಿದ ನಾಲ್ಕು ಸಾಲು ಅಂಕಿ, ಅಷ್ಟೇ. ಇದನ್ನು ಇಡೀ ರಾಜ್ಯದಲ್ಲಿ ರೈತರು ಬಿಳಿ ಚೀಟಿ ಅಂತಲೇ ಕರೆಯುತ್ತಾರೆ. ನಿಮ್ಮ ಇಲಾಖೆಯವರಿಗೂ ಈ ಹೆಸರು ಗೊತ್ತು. ಹದಿನಾಲ್ಕು ವರ್ಷದಲ್ಲಿ ನನಗೆ ಸಿಕ್ಕ ಅಧಿಕೃತ ರಸೀದಿ ಒಂದೂ ಇಲ್ಲ. ಚೀಟಿಗಳನ್ನು ಮಾತ್ರ ಒಂದು ಬಿಸ್ಕೆಟ್ ಡಬ್ಬದಲ್ಲಿ ಇಟ್ಟಿದ್ದೇನೆ. ಹಳೆಯವು ಮಾಸಿ ಹೋಗಿವೆ, ಅಂಕಿ ಕೂಡ ಕಾಣಿಸುವುದಿಲ್ಲ.

ಅವತ್ತು ನಾನು ರಸೀದಿ ಕೇಳಿದೆ. ಮಂಡಿಯವರು ಜೋರು ಮಾಡಲಿಲ್ಲ, ನಿಜ ಹೇಳಬೇಕು. "ಏನಕ್ಕ ಹೊಸದಾಗಿ ಕೇಳ್ತಿದ್ದೀಯ? ನಿಮ್ಮಪ್ಪನ ಕಾಲದಿಂದ ಹಿಂಗೇ ನಡ್ಕೊಂಡು ಬಂದೈತೆ. ದುಡ್ಡು ಕೊಟ್ಟಿದ್ದೀನಲ್ಲ, ಇನ್ನೇನು?" ಅಂದರು. ನಾನು ಬಿಡಲಿಲ್ಲ. ಆಗ ಪಕ್ಕದಲ್ಲಿದ್ದ ಬರೆಯುವ ಹುಡುಗ ಮೆಲ್ಲಗೆ, "ಅಕ್ಕ, ಬಿಲ್ ಬೇಕಂದ್ರೆ ನಾಳೆಯಿಂದ ನಿಮ್ಮ ಲಾಟು ಕೊನೇಗೆ ಹೋಗುತ್ತೆ" ಅಂದ. ಬೆಳಗಾಗೆದ್ದು ಬಂದ ಟೊಮೆಟೊ ಕೊನೆಗೆ ಹರಾಜಾದರೆ ಏನಾಗುತ್ತದೆ ಅಂತ ಈ ಕೆಲಸ ಮಾಡಿದವರಿಗೆ ಗೊತ್ತು. ಅಷ್ಟೊತ್ತಿಗೆ ಹೊರ ರಾಜ್ಯದ ಲಾರಿಗಳು ತುಂಬಿರುತ್ತವೆ, ಬಿಸಿಲು ಏರಿರುತ್ತದೆ, ಉಳಿದವರು ಕೇಳಿದಷ್ಟಕ್ಕೆ ಕೊಟ್ಟು ಬರಬೇಕು. ನಾನು ಸುಮ್ಮನೆ ಚೀಟಿ ತಗೊಂಡು ನಿಮ್ಮ ಕಚೇರಿಗೆ ಬಂದೆ. ಅಲ್ಲಿ ಇದ್ದವರು ಚೀಟಿ ನೋಡಿ, "ಇದರಲ್ಲಿ ಯಾವ ಮಂಡಿ ಅಂತಾನೇ ಇಲ್ವಲ್ಲಮ್ಮ, ಇದರ ಮೇಲೆ ಏನ್ ಕಂಪ್ಲೇಂಟ್ ತಗೊಳ್ಳೋದು?" ಅಂದರು. ಲಿಖಿತ ದೂರು ಕೊಡಿ, ಜೊತೆಗೆ ರಸೀದಿ ಲಗತ್ತಿಸಿ ಅಂದರು.

ರಸೀದಿ ಕೊಡುತ್ತಿಲ್ಲ ಅನ್ನೋದೇ ನನ್ನ ದೂರು ಸಾರ್. ಆ ದೂರಿಗೆ ರಸೀದಿ ಎಲ್ಲಿಂದ ತರಲಿ?

ಅವತ್ತು ಮನೆಗೆ ಬಂದ ಮೇಲೆ ಈ ಎಪಿಎಂಸಿ ಅನ್ನೋದು ಯಾತಕ್ಕೆ ಬಂತು ಅಂತ ಓದೋಕೆ ಶುರು ಮಾಡಿದೆ. ನಮ್ಮ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ 1966ರದ್ದು, ಜಾರಿಗೆ ಬಂದದ್ದು 1968ರಲ್ಲಿ. ಅದಕ್ಕೆ ಮೊದಲು ಹಳೆ ಮೈಸೂರು, ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕ ಅಂತ ಬೇರೆ ಬೇರೆ ಕಾಯ್ದೆ ಇದ್ದವು. ನಮ್ಮ ತಾತ ಹೇಳುತ್ತಿದ್ದರು, ಆಗ ದಲ್ಲಾಳಿ ಮತ್ತು ವ್ಯಾಪಾರಿ ಇಬ್ಬರೂ ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಮಾಡುತ್ತಿದ್ದರಂತೆ. ಮಾಲು ತಂದ ರೈತ ಪಕ್ಕದಲ್ಲೇ ನಿಂತಿದ್ದರೂ ಅವನ ಮಾಲಿಗೆ ಏನು ಬೆಲೆ ಕಟ್ಟಿದರು ಅಂತ ಅವನಿಗೆ ಗೊತ್ತಾಗುತ್ತಿರಲಿಲ್ಲ. ತೂಕದಲ್ಲಿ ಕಡಿತ, ಧರ್ಮಕ್ಕೆ ಕಡಿತ, ಸ್ಯಾಂಪಲ್ಲಿಗೆ ಕಡಿತ, ಹೀಗೆ ಮುರಿದೂ ಮುರಿದೂ ಕೊನೆಗೆ ಉಳಿದದ್ದನ್ನು ಕೈಗೆ ಹಾಕುತ್ತಿದ್ದರು. ಅದನ್ನೆಲ್ಲ ತಪ್ಪಿಸಬೇಕು ಅಂತಲೇ ಈ ಸಮಿತಿಗಳು ಹುಟ್ಟಿದವು. ಎಲ್ಲರ ಎದುರಿಗೆ ಹರಾಜು, ಸರಿಯಾದ ತೂಕ, ಮಾರಿದ್ದಕ್ಕೆ ಲೆಕ್ಕ, ತಡಮಾಡದೆ ಹಣ. ಸಮಿತಿಯಲ್ಲಿ ರೈತರ ಪ್ರತಿನಿಧಿಗಳೇ ಜಾಸ್ತಿ ಇರಬೇಕು ಅಂತ ಕಾಯ್ದೆಯಲ್ಲೇ ಇದೆ. ಮಂಡಿಗೆ ಲೈಸೆನ್ಸ್ ಕೊಡುವ ಅಧಿಕಾರ ಸಮಿತಿಯದ್ದು, ತಪ್ಪು ಮಾಡಿದರೆ ಅದನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರವೂ ಸಮಿತಿಯದ್ದೇ.

ಇನ್ನೊಂದು ಮುಖ್ಯ ವಿಷಯವೂ ಅದರಲ್ಲಿದೆ. ನಮ್ಮ ರಾಜ್ಯದಲ್ಲಿ ದಲ್ಲಾಳಿ ಕಮಿಷನ್ ತಗೊಳ್ಳಬೇಕಾದದ್ದು ಕೊಂಡವರಿಂದ. ಮಾರುವ ರೈತನಿಂದ ತಗೊಳ್ಳುವ ಹಾಗಿಲ್ಲ. ಇದನ್ನು ನಾನು ಹದಿನಾಲ್ಕು ವರ್ಷ ಕಮಿಷನ್ ಕೊಟ್ಟ ಮೇಲೆ ತಿಳಿದುಕೊಂಡೆ. ಮಾರುಕಟ್ಟೆಯ ಯಾವ ಗೋಡೆಯ ಮೇಲೂ ಇದನ್ನು ಬರೆದದ್ದು ನಾನು ನೋಡಿಲ್ಲ. ಗೇಟಿನ ಹತ್ತಿರ ಇರುವ ದೊಡ್ಡ ಬೋರ್ಡಿನಲ್ಲಿ ಶಂಕುಸ್ಥಾಪನೆ ಮಾಡಿದವರ ಹೆಸರುಗಳಿವೆ.

ಈಗ ನೋಡಿ, ಆ ಬಿಳಿ ಚೀಟಿ ಯಾಕೆ ಅಷ್ಟು ಮುಖ್ಯ ಅಂತ. ರಸೀದಿಯಲ್ಲಿ ಬರೆಯೋದಾದರೆ ರೈತನಿಂದ ಕಮಿಷನ್ ಅಂತ ಬರೆಯೋಕೆ ಆಗೋದಿಲ್ಲ, ಅದು ಕಾಯ್ದೆಗೆ ವಿರುದ್ಧ. ನಾಲ್ಕು ಬಾಕ್ಸ್ ಪುಕ್ಕಟೆ ಅಂತ ಬರೆಯೋಕೆ ಆಗೋದಿಲ್ಲ. ತೂಕ ಹಾಕದೆ ತೂಕ ಬರೆಯೋಕೆ ಆಗೋದಿಲ್ಲ. ಕೊಂಡವರ ಹೆಸರು ಬಿಡೋಕೆ ಆಗೋದಿಲ್ಲ. ನಾನು ಅನುಭವಿಸಿದ ಒಂದೊಂದು ಮೋಸವೂ ಆ ಒಂದು ಕಾಗದ ಇಲ್ಲದೆ ಇರುವುದರಿಂದ ನಡೆಯುತ್ತಿದೆ. ನಿಮ್ಮ ಸಮಿತಿಗೂ ಅದರಿಂದ ನಷ್ಟವೇ. ಲೆಕ್ಕಕ್ಕೆ ಬಾರದ ಮಾಲಿಗೆ ನಿಮಗೆ ಶುಲ್ಕ ಎಲ್ಲಿಂದ ಬರಬೇಕು? ದಿನಾ ನೀವು ಬೋರ್ಡಿನಲ್ಲಿ ಹಾಕುವ ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಎಷ್ಟು ಬಾಕ್ಸ್ ಬಂತು ಅನ್ನುವ ಲೆಕ್ಕ, ಇದೇ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿಗೂ ಹೋಗುತ್ತದೆ. ಅದನ್ನು ನೋಡಿಕೊಂಡು ಇನ್ನೊಬ್ಬ ರೈತ ನಾಳೆ ಕೊಯ್ಯಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಾನೆ. ಬಿಳಿ ಚೀಟಿಯಲ್ಲಿ ಮಾರಿದ ಮಾಲು ಆ ಲೆಕ್ಕಕ್ಕೆ ಬರುವುದು ಹೇಗೆ?

ಸರ್ಕಾರದ ಸಹಾಯ ಸಿಗಬೇಕಾದರೂ ಇದೇ ಕಾಗದ ಬೇಕು. 2025ರಲ್ಲಿ ತೋತಾಪುರಿ ಮಾವಿನ ಬೆಲೆ ಬಿದ್ದು ನಮ್ಮ ಕಡೆಯವರು ಮಾವನ್ನು ರಸ್ತೆಗೆ ಸುರಿದರಲ್ಲ, ಆಗ ಕೇಂದ್ರ ಸರ್ಕಾರ ಬೆಲೆ ವ್ಯತ್ಯಾಸದ ಹಣ ಕೊಡೋಕೆ ಒಪ್ಪಿತು. ಕ್ವಿಂಟಲ್ಲಿಗೆ 1,616 ರೂಪಾಯಿ ಅಂತ ಲೆಕ್ಕ ಹಿಡಿದು, ಎರಡೂವರೆ ಲಕ್ಷ ಟನ್‌ವರೆಗೆ, ಕೇಂದ್ರ ರಾಜ್ಯ ಎರಡೂ ಅರ್ಧರ್ಧ ಹಾಕಿ. ಒಳ್ಳೆಯ ಕೆಲಸ. ಆದರೆ ಬೆಲೆ ವ್ಯತ್ಯಾಸ ಕೊಡಬೇಕಾದರೆ ಯಾವತ್ತು, ಎಲ್ಲಿ, ಎಷ್ಟು ಮಾರಿದೆ, ಎಷ್ಟು ಬಂತು ಅಂತ ತೋರಿಸಬೇಕಲ್ವಾ? ನಾಳೆ ಟೊಮೆಟೊಗೂ ಅಂಥ ಯೋಜನೆ ಬಂತು ಅಂದುಕೊಳ್ಳಿ, ನಾನು ನನ್ನ ಬಿಸ್ಕೆಟ್ ಡಬ್ಬ ತಂದು ನಿಮ್ಮ ಟೇಬಲ್ ಮೇಲೆ ಇಟ್ಟರೆ ನೀವು ಒಪ್ಪುತ್ತೀರಾ? ಬ್ಯಾಂಕಿನವರಂತೂ ಒಪ್ಪುವುದಿಲ್ಲ. ವರ್ಷಕ್ಕೆ ಎಷ್ಟು ವಹಿವಾಟು ಮಾಡುತ್ತೀರಿ ಅಂತ ಕೇಳಿದರು, ತೋರಿಸೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ನೀವು ಹೇಳಬಹುದು, ಟೊಮೆಟೊ ಕೊಳೆಯುವ ಮಾಲು, ದಿನಕ್ಕೆ ಸಾವಿರಾರು ಬಾಕ್ಸ್ ಬರುತ್ತವೆ, ಒಂದೊಂದಕ್ಕೂ ತೂಕ ಹಾಕಿ ರಸೀದಿ ಬರೆಯುತ್ತಾ ಕೂತರೆ ಮಧ್ಯಾಹ್ನ ಆಗುತ್ತದೆ ಅಂತ. ನಿಮ್ಮ ಕಚೇರಿಯಲ್ಲಿ ಈ ಮಾತನ್ನೇ ಹೇಳಿದರು. ಮಂಡಿಯವರೂ ಇದನ್ನೇ ಹೇಳುತ್ತಾರೆ. ನಾನು ಹೆಚ್ಚು ಓದಿದವಳಲ್ಲ, ಆದರೆ ಇದನ್ನು ಮಾತ್ರ ಒಪ್ಪುವುದಿಲ್ಲ. ಯಾಕೆಂದರೆ ನಾನು ರೇಷ್ಮೆ ಗೂಡನ್ನೂ ಮಾರುತ್ತೇನೆ.

ಗೂಡಿನ ಮಾರುಕಟ್ಟೆ ನಿಮ್ಮ ಇಲಾಖೆಯದ್ದಲ್ಲ, ರೇಷ್ಮೆ ಇಲಾಖೆಯದ್ದು. 1959ರ ಬೇರೊಂದು ಕಾಯ್ದೆಯಡಿ ನಡೆಯುತ್ತದೆ. ರಾಮನಗರ, ಶಿಡ್ಲಘಟ್ಟ ಎರಡೂ ಕಡೆ ನಾನು ಗೂಡು ಹಾಕಿದ್ದೇನೆ. ಗೂಡು ಟೊಮೆಟೊಗಿಂತ ನಾಜೂಕು ಸಾರ್. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಮೇಲೆ ಇಟ್ಟುಕೊಂಡು ಕೂರೋಕೆ ಆಗೋದಿಲ್ಲ, ದಿನ ತಡವಾದರೆ ತೂಕ ಇಳಿಯುತ್ತದೆ, ಇನ್ನೂ ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ, ಆಮೇಲೆ ನೂಲು ಬಿಚ್ಚೋರು ಮುಟ್ಟುವುದೂ ಇಲ್ಲ. ಅಂಥ ಮಾಲಿಗೆ ಅಲ್ಲಿ ಏನು ಮಾಡುತ್ತಾರೆ ನೋಡಿ. ಒಳಗೆ ಹೋದ ತಕ್ಷಣ ಲಾಟ್ ನಂಬರ್ ಕೊಡುತ್ತಾರೆ. ಜಾಲರಿಯಲ್ಲಿ ಗೂಡು ಹರವುತ್ತೇವೆ. ನೂಲು ಬಿಚ್ಚುವ ರೀಲರುಗಳು ನೋಡಿಕೊಂಡು ಹೋಗಿ ಮೊಬೈಲಿನಲ್ಲಿ ಬೆಲೆ ಹಾಕುತ್ತಾರೆ. ಬಂದ ಬೆಲೆ ಎಲ್ಲರಿಗೂ ಕಾಣುತ್ತದೆ. ನನಗೆ ಒಪ್ಪಿಗೆ ಇಲ್ಲ ಅಂದರೆ ಇಲ್ಲ ಅನ್ನಬಹುದು. ಒಪ್ಪಿದರೆ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಕ, ತೂಕದ ಚೀಟಿ ಕೈಗೆ, ಹಣ ಬ್ಯಾಂಕ್ ಖಾತೆಗೆ. ನಡುವೆ ದಲ್ಲಾಳಿ ಇಲ್ಲ. ಅಲ್ಲಿ ತೊಂದರೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಬೆಲೆ ಬಿದ್ದ ದಿನ ಅಲ್ಲೂ ಅತ್ತುಕೊಂಡು ಬಂದಿದ್ದೇನೆ. ಆದರೆ ಎಷ್ಟು ಕೆ.ಜಿ., ಯಾರು ಕೊಂಡರು, ಎಷ್ಟಕ್ಕೆ ಅನ್ನೋದರಲ್ಲಿ ಯಾವತ್ತೂ ಅನುಮಾನ ಬಂದಿಲ್ಲ. ಮನೆಗೆ ಬಂದು ಅಪ್ಪನಿಗೆ ಕಾಗದ ತೋರಿಸಿ ಲೆಕ್ಕ ಒಪ್ಪಿಸುತ್ತೇನೆ. ಟೊಮೆಟೊ ಮಾರಿ ಬಂದ ದಿನ ಅಪ್ಪ ಕೇಳೋದನ್ನೇ ಬಿಟ್ಟಿದ್ದಾರೆ.

ಅದೇ ಕೈ, ಅದೇ ನೆಲ, ಅದೇ ಬೋರ್‌ವೆಲ್ ನೀರು. ಒಂದು ಸರ್ಕಾರಿ ಮಾರುಕಟ್ಟೆಯಲ್ಲಿ ಗ್ರಾಂ ಲೆಕ್ಕದಲ್ಲಿ ಕಾಗದ ಸಿಗುತ್ತದೆ, ಇನ್ನೊಂದರಲ್ಲಿ ಕ್ವಿಂಟಲ್ ಗಟ್ಟಲೆ ಮಾರಿದರೂ ಸಿಗುವುದಿಲ್ಲ. ಆಗೋದಿಲ್ಲ ಅನ್ನುವ ಮಾತು ಹೇಗೆ ನಂಬಲಿ?

ದೂರ ಹೋಗೋದೂ ಬೇಡ, ನಿಮ್ಮ ಇಲಾಖೆಯೇ ಇದನ್ನು ಮಾಡಿ ತೋರಿಸಿದೆ. 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಅಂತ ಆನ್‌ಲೈನ್ ಹರಾಜು ಶುರು ಮಾಡಿದ್ದು ಕರ್ನಾಟಕವೇ. ಕೇಂದ್ರದ ಇ-ನಾಮ್ ಅನ್ನುವ ಆನ್‌ಲೈನ್ ಮಾರುಕಟ್ಟೆ ಬಂದದ್ದು ಅದಾದ ಎರಡು ವರ್ಷಕ್ಕೆ, 2016ರ ಏಪ್ರಿಲಿನಲ್ಲಿ. ತಿಪಟೂರಿನ ಕೊಬ್ಬರಿ, ಬ್ಯಾಡಗಿಯ ಮೆಣಸಿನಕಾಯಿಗೆ ಆನ್‌ಲೈನ್ ಟೆಂಡರ್ ನಡೆಯುತ್ತದೆ. ಗೇಟಿನಲ್ಲೇ ಲಾಟ್ ನಮೂದಾಗುತ್ತದೆ. ನಾವು ತರಕಾರಿ ಬೆಳೆಯೋರು ಮಾತ್ರ ಇನ್ನೂ ಬಿಳಿ ಚೀಟಿಯಲ್ಲೇ ಇದ್ದೇವೆ. ಆನ್‌ಲೈನ್ ಹರಾಜು ನಾಳೆಯೇ ಬೇಕು ಅಂತಲೂ ನಾನು ಕೇಳುತ್ತಿಲ್ಲ. ಈಗಿರುವ ಕೂಗಿನ ಹರಾಜೇ ಇರಲಿ, ಅದರಲ್ಲಿ ಒಂದು ಲಾಟು ಮುಗಿಯೋಕೆ ಅರ್ಧ ನಿಮಿಷ ಸಾಕು. ಮುಗಿದ ಮೇಲೆ ಕಾಗದ ಕೊಡಿಸಿ. ಬಸ್ಸಿನ ಕಂಡಕ್ಟರ್ ನಿಂತುಕೊಂಡೇ, ಓಲಾಡುವ ಬಸ್ಸಿನಲ್ಲಿ, ಐವತ್ತು ಜನಕ್ಕೆ ಮೆಷಿನ್ನಿನಲ್ಲಿ ಟಿಕೆಟ್ ಕೊಡುತ್ತಾರೆ.

ಬ್ಯಾಡಗಿ ಅಂದ ತಕ್ಷಣ ಇನ್ನೊಂದೂ ನೆನಪಾಗುತ್ತದೆ. 2024ರ ಮಾರ್ಚ್ 11ರಂದು ಅಲ್ಲಿ ಮೆಣಸಿನಕಾಯಿ ಬೆಲೆ ಒಮ್ಮೆಲೇ ಕುಸಿಯಿತು ಅಂತ ಸಿಟ್ಟಾದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಟಿವಿಯಲ್ಲಿ ನೋಡಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಬೆಂಕಿ ಹಚ್ಚಿದ್ದು ತಪ್ಪು, ಅದನ್ನು ನಾನು ಸರಿ ಅನ್ನುವುದಿಲ್ಲ. ಅಲ್ಲಿ ಆನ್‌ಲೈನ್ ಟೆಂಡರ್ ಇದ್ದೂ ಹಾಗಾಯಿತು. ಅಂದರೆ ಕಂಪ್ಯೂಟರ್ ತಂದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಬೆಲೆ ಬಿದ್ದಾಗ ಯಾಕೆ ಬಿತ್ತು ಅಂತ ಕೇಳೋಕೆ, ಉತ್ತರ ಹೇಳೋಕೆ ಸಮಿತಿಯವರು ರೈತರ ಮುಂದೆ ಇರಬೇಕು. ಕೇಳಿದ್ದಕ್ಕೆ ಉತ್ತರ ಸಿಗದೆ, ಮಾಲನ್ನು ವಾಪಸ್ ತಗೊಂಡು ಹೋಗೋಕೂ ಆಗದೆ ನಿಂತ ಜನರ ಸಂಕಟ ನಾನು ಬಲ್ಲೆ. ಆ ಸಂಕಟ ನಮ್ಮ ಮಾರುಕಟ್ಟೆಯಲ್ಲೂ ದಿನಾ ಇದೆ. ಒಂದು ಬಾಕ್ಸ್ 50 ರೂಪಾಯಿಗೆ ಹೋದ ದಿನ ನಿಮ್ಮ ಗೇಟಿನ ಹೊರಗೆ ಟೊಮೆಟೊ ಸುರಿದು ಹೋಗುವವರ ಮುಖ ನೋಡಿ. 2023ರ ಜುಲೈಯಲ್ಲಿ ಬಾಕ್ಸಿಗೆ 2,000 ರೂಪಾಯಿ ದಾಟಿದಾಗ ಕ್ಯಾಮೆರಾ ಹಿಡಿದು ಬಂದವರು ಆ ದಿನ ಯಾರೂ ಬರುವುದಿಲ್ಲ.

ಇನ್ನು ಮಂಡಿಯವರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯ ಆಗುತ್ತದೆ. ಅವರು ನಮಗೆ ಶತ್ರುಗಳಲ್ಲ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ 30,000 ರೂಪಾಯಿ ಕೊಟ್ಟು ಕಳಿಸಿದ್ದು ಮಂಡಿಯವರೇ. ಕಾಗದ ಕೇಳಲಿಲ್ಲ, ಬಡ್ಡಿ ಕೇಳಲಿಲ್ಲ. ಸಸಿ ತರೋಕೆ, ಕಡ್ಡಿ ತರೋಕೆ ಅವರು ಮುಂಗಡ ಕೊಡುತ್ತಾರೆ. ಪಹಣಿ ಇನ್ನೂ ತಾತನ ಹೆಸರಲ್ಲಿರುವ ನಮ್ಮಂಥವರಿಗೆ ಬೆಳೆ ಸಾಲ ಸಿಗೋದು ಕಷ್ಟ, ಹಾಗಾಗಿ ಮಂಡಿಯೇ ಗತಿ. ಆದರೆ ಆ ಮುಂಗಡ ತಗೊಂಡ ಮೇಲೆ ಮಾಲನ್ನು ಅವರ ಮಂಡಿಗೇ ಹಾಕಬೇಕು. ಬೇರೆ ಮಂಡಿಯಲ್ಲಿ ಹತ್ತು ರೂಪಾಯಿ ಜಾಸ್ತಿ ಕೂಗಿದರೂ ಹೋಗುವ ಹಾಗಿಲ್ಲ. ಕಮಿಷನ್ ಯಾಕೆ ಅಂತ ಕೇಳುವ ಹಾಗಿಲ್ಲ, ಕೇಳಿದರೆ ಮೊದಲು ಬಾಕಿ ತೀರಿಸು ಅನ್ನುತ್ತಾರೆ. ನೂರಕ್ಕೆ ಹತ್ತು ಅನ್ನೋದರಲ್ಲೇ ಅವರ ಬಡ್ಡಿಯೂ ಸೇರಿದೆ ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಆದರೆ ಮುಂಗಡ ತಗೊಳ್ಳದ ನನ್ನ ಚಿಕ್ಕಪ್ಪನಿಂದಲೂ ಅದೇ ನೂರಕ್ಕೆ ಹತ್ತು ಮುರಿಯುತ್ತಾರೆ.

ಇಂಥ ಕಡೆಯಲ್ಲೇ ನಿಮ್ಮ ಕೆಲಸ ಇರೋದು ಸಾರ್. ಸಾಲದಲ್ಲಿ ಇರುವ ರೈತ ಸಾಲ ಕೊಟ್ಟವರ ಎದುರಿಗೆ ನಿಂತು ಹಕ್ಕು ಕೇಳೋಕೆ ಆಗೋದಿಲ್ಲ. ಅವನ ಪರವಾಗಿ ಕೇಳೋಕೆ ಅಂತಲೇ ನಿಮ್ಮನ್ನು ಅಲ್ಲಿ ಕೂರಿಸಿದ್ದಾರೆ. ಲೈಸೆನ್ಸ್ ಕೊಡುವವರು ನೀವು. ನೀವು ಹೇಳಿದರೆ ಮಂಡಿಯವರು ಕೇಳಲೇಬೇಕು. ನಾನು ಹೇಳಿದರೆ ನನ್ನ ಲಾಟು ಕೊನೆಗೆ ಹೋಗುತ್ತದೆ. ಈಗ ನಿಮ್ಮ ಕಚೇರಿಯಿಂದ ನಮಗೆ ಕಾಣುವ ಕೆಲಸ ಅಂದರೆ ಮಳಿಗೆ ಬಾಡಿಗೆ, ಗೇಟಿನ ವಸೂಲಿ, ರಸ್ತೆ ಕಾಮಗಾರಿ ಟೆಂಡರು. ಅದೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಹರಾಜು ನಡೆಯುವ ಜಾಗದಲ್ಲಿ ನಿಮ್ಮ ಒಬ್ಬ ಸಿಬ್ಬಂದಿಯೂ ನಿಂತದ್ದನ್ನು ನಾನು ಈ ವರ್ಷ ನೋಡಿಲ್ಲ.

ಇದನ್ನು ಓದಿ ಯಾರಾದರೂ, ನೋಡಿ, ಅದಕ್ಕೇ ಎಪಿಎಂಸಿ ಬೇಡ ಅನ್ನೋದು ಅಂತ ಹೇಳಬಹುದು. ದಯವಿಟ್ಟು ನನ್ನ ಪತ್ರವನ್ನು ಅದಕ್ಕೆ ಬಳಸಬೇಡಿ. 2020ರಲ್ಲಿ ರಾಜ್ಯದ ಕಾಯ್ದೆಗೆ ತಿದ್ದುಪಡಿ ತಂದು ಎಪಿಎಂಸಿ ಪ್ರಾಂಗಣದ ಹೊರಗೆ ಯಾರು ಬೇಕಾದರೂ ಕೊಳ್ಳಬಹುದು ಅಂತ ಮಾಡಿದರು. ನೂರಕ್ಕೆ ಒಂದೂವರೆ ರೂಪಾಯಿ ಇದ್ದ ಮಾರುಕಟ್ಟೆ ಶುಲ್ಕ 35 ಪೈಸೆಗೆ ಇಳಿದು ಆಮೇಲೆ 60 ಪೈಸೆಗೆ ಬಂತು. ಎಷ್ಟೋ ಸಮಿತಿಗಳಿಗೆ ಆದಾಯ ಬಿತ್ತು, ಸಿಬ್ಬಂದಿ ಇಲ್ಲ, ಕಸ ತೆಗೆಸೋಕೂ ದುಡ್ಡಿಲ್ಲ ಅನ್ನುವ ಸ್ಥಿತಿ ಬಂತು. ಕೇಂದ್ರದ ಮೂರು ಕೃಷಿ ಕಾಯ್ದೆಗಳು 2021ರ ನವೆಂಬರಿನಲ್ಲಿ ರದ್ದಾದವು, ರಾಜ್ಯದ ತಿದ್ದುಪಡಿ ವಾಪಸ್ ಪಡೆಯುವ ಮಸೂದೆ 2023ರಲ್ಲಿ ಬಂತು. ಈ ರಾಜಕೀಯದಲ್ಲಿ ಯಾರು ಸರಿ ಯಾರು ತಪ್ಪು ಅಂತ ವಾದ ಮಾಡೋಕೆ ನಾನು ಬಂದಿಲ್ಲ. ನನಗೆ ಗೊತ್ತಿರುವುದು ಇಷ್ಟು. ಹೊರಗೆ ತೋಟದ ಹತ್ತಿರವೇ ಬಂದು ಕೊಂಡವರಲ್ಲಿ ಒಬ್ಬರು ನಮ್ಮೂರಿನ ಮೂರು ಮನೆಯವರಿಗೆ ಹಣ ಕೊಡದೆ ಹೋದರು. ಅವರನ್ನು ಎಲ್ಲಿ ಹುಡುಕಬೇಕು ಅಂತಲೂ ಯಾರಿಗೂ ಗೊತ್ತಾಗಲಿಲ್ಲ. ಪ್ರಾಂಗಣದ ಒಳಗೆ ಹಣವಾದರೂ ಸಿಗುತ್ತದೆ, ಹತ್ತು ಜನ ಬೆಲೆ ಕೂಗುತ್ತಾರೆ, ಮಂಡಿಯವರು ಎಲ್ಲೂ ಓಡಿಹೋಗುವುದಿಲ್ಲ. ನಮಗೆ ಎಪಿಎಂಸಿ ಬೇಕು. ಬೇಕು ಅನ್ನೋದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾಗಿ ನನ್ನ ಕೋರಿಕೆಗಳು ಇವು.

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರತಿ ಲಾಟಿಗೂ ನಂಬರ್ ಇರುವ ರಸೀದಿ. ಮಂಡಿಯ ಹೆಸರು, ಲೈಸೆನ್ಸ್ ನಂಬರ್, ರೈತನ ಹೆಸರು, ಕೊಂಡವರ ಹೆಸರು, ಬಾಕ್ಸ್ ಎಷ್ಟು, ತೂಕ ಎಷ್ಟು, ಬೆಲೆ ಎಷ್ಟು, ಏನೇನು ಮುರಿದರು, ಎಲ್ಲ ಅದರಲ್ಲಿ ಇರಬೇಕು. ಒಂದು ಪ್ರತಿ ನಿಮ್ಮ ಕಚೇರಿಗೆ. ಬಿಳಿ ಚೀಟಿ ಕೊಟ್ಟವರಿಗೆ ಮೊದಲ ಸಲ ನೋಟಿಸ್, ಮತ್ತೆ ಕೊಟ್ಟರೆ ಲೈಸೆನ್ಸ್ ಅಮಾನತು. ರೈತ ಬಂದು ಕೇಳಲಿ ಅಂತ ಕಾಯಬೇಡಿ. ಕೇಳುವ ರೈತನಿಗೆ ಏನಾಗುತ್ತದೆ ಅಂತ ಮೇಲೆ ಬರೆದಿದ್ದೇನೆ.

ರೈತರಿಂದ ಕಮಿಷನ್ ತಗೊಳ್ಳುವ ಹಾಗಿಲ್ಲ, ಪುಕ್ಕಟೆ ಬಾಕ್ಸ್ ತಗೊಳ್ಳುವ ಹಾಗಿಲ್ಲ ಅಂತ ಕನ್ನಡದಲ್ಲೂ ತೆಲುಗಿನಲ್ಲೂ ದೊಡ್ಡ ಅಕ್ಷರದಲ್ಲಿ ಗೇಟಿನ ಹತ್ತಿರ, ಪ್ರತಿ ಹರಾಜು ಕಟ್ಟೆಯ ಮೇಲೆ ಬರೆಸಿ. ತೆಲುಗು ಯಾಕೆ ಅಂದರೆ ಗಡಿಯಾಚೆಯಿಂದ, ಆಂಧ್ರದ ಮದನಪಲ್ಲಿ ಕಡೆಯಿಂದಲೂ ನಮ್ಮ ಕಡೆಗೆ ಮಾಲು ಬರುತ್ತದೆ, ಅವರೂ ರೈತರೇ. ಹಣ್ಣು ನಿಜವಾಗಿ ಕೆಟ್ಟಿದ್ದರೆ ಆ ಬಾಕ್ಸನ್ನು ತೋರಿಸಿ ಬೆಲೆ ಇಳಿಸಲಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ತಕ್ಕಡಿಯ ಮೇಲಿನ ಖಾಲಿ ಬಾಕ್ಸ್ ತೆಗೆಸಿ. ಎಲ್ಲವನ್ನೂ ತೂಗೋಕೆ ಆಗದಿದ್ದರೆ ಪ್ರತಿ ಲಾಟಿನಲ್ಲಿ ಐದು ಬಾಕ್ಸ್ ತೂಗಿ ಸರಾಸರಿ ಹಿಡಿಯಿರಿ. ಅಷ್ಟು ಮಾಡಿದರೂ ನಮಗೆ ಬಾಕ್ಸಿಗೆ ಒಂದು ಕೆ.ಜಿ. ಉಳಿಯುತ್ತದೆ.

ಹರಾಜು ಶುರುವಾದಾಗಿಂದ ಮುಗಿಯುವ ತನಕ ನಿಮ್ಮ ಸಿಬ್ಬಂದಿ ಒಬ್ಬರು ಅಲ್ಲಿ ಇರಲಿ, ಕಚೇರಿಯ ಬಾಗಿಲೂ ಅಷ್ಟೊತ್ತಿಗೇ ತೆಗೆಯಲಿ. ಹತ್ತು ಗಂಟೆಗೆ ಕಚೇರಿ ತೆಗೆದರೆ ಅಷ್ಟೊತ್ತಿಗೆ ನಮ್ಮ ಟೆಂಪೊ ಊರು ಸೇರಿರುತ್ತದೆ. ಇನ್ನು ಹೆಂಗಸರಿಗೆ ಒಂದು ಶೌಚಾಲಯ, ಬಾಗಿಲಿಗೆ ಚಿಲಕ, ಒಳಗೆ ನೀರು. ಹದಿನಾಲ್ಕು ವರ್ಷದಿಂದ ನಾನು ಮಾರುಕಟ್ಟೆಗೆ ಬರುವ ದಿನ ಮಧ್ಯಾಹ್ನದ ತನಕ ನೀರು ಕುಡಿಯುವುದಿಲ್ಲ. ಇದನ್ನು ಬರೆಯೋಕೆ ಮುಜುಗರ ಆಗುತ್ತದೆ, ಆದರೆ ಬರೆಯದೆ ಇದ್ದರೆ ನಿಮಗೆ ಗೊತ್ತಾಗುವುದೂ ಇಲ್ಲ.

ಮುಂಗಡದ ವಿಷಯ ನಿಮ್ಮೊಬ್ಬರ ಕೈಲಿಲ್ಲ ಅಂತ ಗೊತ್ತು. ಆದರೂ ಸಮಿತಿಯ ಸಭೆಯಲ್ಲಿ ಇಟ್ಟು ಇಲಾಖೆಗೆ ಬರೆಯಿರಿ. ಕಾಳುಕಡಿಯನ್ನು ಗೋದಾಮಿನಲ್ಲಿ ಇಟ್ಟು ತಗೊಳ್ಳುವ ಅಡಮಾನ ಸಾಲ ಇದೆ, ತರಕಾರಿಯವರಿಗೆ ಅದು ಸಿಗುವ ಹಾಗಿಲ್ಲ. ಹಿಂದಿನ ಎರಡು ಬೆಳೆಯ ರಸೀದಿ ನೋಡಿ ಸಹಕಾರ ಸಂಘದಿಂದ ಸಣ್ಣ ಸಾಲ ಕೊಡಿಸುವ ಹಾಗಾದರೆ ಅರ್ಧ ಊರು ಮಂಡಿಯ ಋಣದಿಂದ ಹೊರಗೆ ಬರುತ್ತದೆ. ಅದಕ್ಕೂ ಮೊದಲು ರಸೀದಿ ಬೇಕು ನೋಡಿ.

ಈ ಪತ್ರದ ಒಂದು ಪ್ರತಿಯನ್ನು ಕೃಷಿ ಮಾರಾಟ ಇಲಾಖೆಯ ನಿರ್ದೇಶಕರಿಗೂ ಕಳಿಸುತ್ತಿದ್ದೇನೆ. ಚೀಟಿಗಳ ಫೋಟೊ ಜೊತೆಗಿದೆ. ನನ್ನ ಜೊತೆ ನಮ್ಮೂರಿನ ಹನ್ನೊಂದು ಜನ ಬೆಳೆಗಾರರು ಓದಿ ಒಪ್ಪಿದ್ದಾರೆ. ಸಹಿ ಹಾಕೋಕೆ ಏಳು ಜನ ಹೆದರಿದರು, ಅವರ ಮೇಲೆ ನನಗೆ ಬೇಜಾರಿಲ್ಲ.

ನಮ್ಮ ಮುಂದಿನ ಕೊಯ್ಲು ಬುಧವಾರ ಸಂಜೆ. ಗುರುವಾರ ಬೆಳಗ್ಗೆ ಸುಮಾರು ತೊಂಬತ್ತು ಬಾಕ್ಸ್ ತಗೊಂಡು ಬರುತ್ತೇನೆ. ಹರಾಜು ಮುಗಿದ ಮೇಲೆ ಮಂಡಿಯಲ್ಲಿ ಮತ್ತೆ ರಸೀದಿ ಕೇಳುತ್ತೇನೆ. ಕೊಟ್ಟರೆ ಮನೆಗೆ ಹೋಗುತ್ತೇನೆ. ಕೊಡದಿದ್ದರೆ ನಿಮ್ಮ ಕಚೇರಿಗೆ ಬರುತ್ತೇನೆ, ಆವತ್ತು ಬಾಗಿಲು ತೆಗೆದಿರಲಿ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಮಾರುಕಟ್ಟೆಗೆ ಹದಿನಾಲ್ಕು ವರ್ಷದಿಂದ ಟೊಮೆಟೊ ತರುತ್ತಿರುವ ರೈತ ಮಹಿಳೆ